ತೂಕದ ಕೋಣೆಯ ತಡಿಯಕ್ಕ

ಗುಜರಿ ಅಂಗಳದ ಗೇಟು ದಾಟಿದ ಕೂಡಲೇ ಎಡಕ್ಕೆ, ಲಾರಿ ತೂಗುವ ಕಬ್ಬಿಣದ ಹಾಸಿನ ಪಕ್ಕದಲ್ಲಿ, ಎಂಟಡಿ ಉದ್ದ ಆರಡಿ ಅಗಲದ ಒಂದು ತಗಡಿನ ಕೋಣೆ ಇದೆ. ಹತ್ತೊಂಬತ್ತು ವರ್ಷದಿಂದ ಅದರೊಳಗೆ ಒಬ್ಬ ಹೆಂಗಸು ಕೂರುತ್ತಾಳೆ. ಅಂಗಳಕ್ಕೆ ಬರುವ ಡ್ರೈವರುಗಳಿಗೆ ಅವಳನ್ನು ಕಂಡರಾಗದು. ಅವಳಿಗೂ ಅವರನ್ನು ಕಂಡರಾಗದು. ಆ ಒಂದು ವಿಷಯದಲ್ಲಿ ಮಾತ್ರ ಎರಡೂ ತಟ್ಟೆ ಸಮ.

ಡ್ರೈವರುಗಳು ಅವಳಿಗೆ ಇಟ್ಟ ಹೆಸರು ತಡಿಯಕ್ಕ. ಲಾರಿ ಹಾಸಿನ ಮೇಲೆ ನಿಂತು, ಡ್ರೈವರು ಚೀಟಿಗಾಗಿ ಕಿಟಕಿಯೊಳಗೆ ಕೈ ತೂರಿಸಿದರೆ, ಅವಳು ಪರದೆಯಿಂದ ಕಣ್ಣು ತೆಗೆಯದೆ "ತಡಿ" ಅನ್ನುತ್ತಾಳೆ. ಪರದೆಯ ಮೇಲೆ ಕುಣಿಯುವ ಅಂಕಿ ಪೂರ್ತಿ ನಿಲ್ಲಬೇಕು. ನಿಂತ ಮೇಲೆ ಅದನ್ನು ಅವಳು ಬಾಯಿಬಿಟ್ಟು ಓದಬೇಕು. ಆಮೇಲೆ ಗುಂಡಿ, ಆಮೇಲೆ ಚೀಟಿ. ಕಂಪ್ಯೂಟರು ಏನಾದರೂ ಸಂದೇಶ ತೋರಿಸಿದರೆ ಇನ್ನೂ ನಿಧಾನ. ಬೇರೆಯವರು ಓದದೆ 'ಸರಿ' ಒತ್ತಿ ಮುಂದೆ ಹೋಗುವ ಕಡೆ, ಅವಳು ಇಂಗ್ಲಿಷಿನ ಒಂದೊಂದೇ ಪದದ ಕೆಳಗೆ ಬೆರಳಿಟ್ಟು ಓದಿ, ಉದ್ದನೆಯ ನೋಟುಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡು, ಪಕ್ಕದಲ್ಲಿ ತನಗೆ ತಿಳಿದ ಅರ್ಥ ಬರೆದು, ಆಮೇಲೆ ಒತ್ತುತ್ತಾಳೆ. ಅಂಥ ಪುಸ್ತಕಗಳು ಈಗ ಆರಾಗಿವೆ.

ಈ ಅಭ್ಯಾಸ ಹುಟ್ಟಿನಿಂದ ಬಂದದ್ದಲ್ಲ. ಹತ್ತನೆಯ ತರಗತಿಯಲ್ಲಿ ಎರಡು ಸಲ ಗಣಿತ ಕೈಕೊಟ್ಟ ಮೇಲೆ ಅವಳು ಟೈಪಿಂಗ್ ಕಲಿತಳು, ಮದುವೆಯಾದಳು, ಟೈಪಿಂಗ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಇಲ್ಲಿ ಕೆಲಸ ಹಿಡಿದಳು. ಬಂದ ಮೊದಲ ತಿಂಗಳಲ್ಲೇ ಓದದೆ ಒಂದು 'ಸರಿ' ಒತ್ತಿ, ಬೆಳಗಿನಿಂದ ತೂಗಿದ್ದ ಹದಿಮೂರು ಲಾರಿಗಳ ತೂಕ ಅಳಿಸಿಬಿಟ್ಟಳು. ಯಜಮಾನ ಅವತ್ತು ಅವಳನ್ನು ಲಾರಿ ಹಾಸಿನ ನಡುವೆ ನಿಲ್ಲಿಸಿದ. ಆ ಯಂತ್ರ ಹತ್ತು ಹತ್ತು ಕೆಜಿಯಲ್ಲೇ ಎಣಿಸುವುದು. ಅದು ಐವತ್ತು ಎಂದು ತೋರಿಸಿತು. "ಐವತ್ತು ಕೆಜಿ ಗುಜರಿ," ಎಂದು ಯಜಮಾನ ಎಲ್ಲರಿಗೂ ಕೇಳುವಂತೆ ಕೂಗಿದ. "ಇದರಲ್ಲಿ ಬುದ್ಧಿ ಎಷ್ಟಿದೆ ಅಂತ ತೂಗೋಕೆ ಅಕ್ಕಸಾಲಿಗನ ತಕ್ಕಡಿ ಬೇಕು." ಅಂಗಳವೆಲ್ಲ ನಕ್ಕಿತು. ಮರುದಿನ ಅವಳು ಮೊದಲ ನೋಟುಪುಸ್ತಕ ತಂದಳು. ಯಜಮಾನನನ್ನು ಕ್ಷಮಿಸಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

ಬಿಟ್ಟರೆ ಹೋಗುವುದೆಲ್ಲಿಗೆ? ಗಂಡ ಬಸ್ ಕಂಡಕ್ಟರು. ದಿನವೆಲ್ಲ ಕೂಗಾಡಿ ಬರುವವನಿಗೆ ಮನೆಯಲ್ಲಿ ಮಾತಾಡಲು ಗಂಟಲು ಉಳಿದಿರುತ್ತಿರಲಿಲ್ಲ. ಅವನ ಪಾಲಿನ ಮಾತನ್ನೂ ಸೇರಿಸಿ ಅತ್ತೆ ಆಡುತ್ತಿದ್ದರು. ಅಡುಗೆಮನೆಯಲ್ಲಿ ಡಬ್ಬಿ ಎಲ್ಲಿಡಬೇಕು ಎಂಬುದೂ ಅತ್ತೆಯ ಮಾತೇ. ಇಡೀ ಲೋಕದಲ್ಲಿ ಅವಳು ಹೇಳಿದಂತೆ ನಡೆಯುವ ಜಾಗವೆಂದರೆ ಎಂಟಕ್ಕೆ ಆರರ ಆ ಕೋಣೆ, ಅದರಲ್ಲಿನ ಒಂದು ಕುರ್ಚಿ. ಅಲ್ಲಿ ಕೂತು ಅವಳು "ತಡಿ" ಅಂದರೆ ಇಪ್ಪತ್ತು ಟನ್ ಲಾರಿಯೂ ತಡೆಯಬೇಕಿತ್ತು.

ಆ ಕುರ್ಚಿಯ ಮೇಲೆ ಕಣ್ಣು ಹಾಕಿದವನು ಹೊರಗಿನವನಲ್ಲ, ಅವಳ ಮೈದುನ.

ಮೈದುನ ಮೊಬೈಲ್ ಕವರು ಮಾರುವ ಅಂಗಡಿ ಇಟ್ಟು ಮುಚ್ಚಿದ್ದ. ಆಮೇಲೆ ಒಂದು ಬ್ಯಾಗು, ಮೂರು ಸ್ಕ್ರೂಡ್ರೈವರು, ನಾಲ್ಕು ಪೆನ್‌ಡ್ರೈವು ಹಿಡಿದು ಅಂಗಡಿ ಅಂಗಡಿಗೆ ಕಂಪ್ಯೂಟರು ರಿಪೇರಿಗೆ ಹೋಗುತ್ತಿದ್ದ. ಕೈ ಚುರುಕು, ನಾಲಗೆ ಅದಕ್ಕಿಂತ ಚುರುಕು. ಓದುವುದೊಂದು ಅವನಿಗೆ ಆಗದ ಕೆಲಸ. "ನನ್ನ ಮಗನಿಗೆ ಪುಸ್ತಕ ಬೇಡ, ಮುಟ್ಟಿದ್ರೆ ಸಾಕು ಯಂತ್ರ ಮಾತಾಡುತ್ತೆ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಅವನು ಯಜಮಾನನ ಕಿವಿ ಊದಲು ಶುರುಮಾಡಿ ಎರಡು ತಿಂಗಳಾಗಿತ್ತು. ಕಂಪ್ಯೂಟರು ನಿಧಾನವಲ್ಲ, ಅದರ ಮುಂದೆ ಕೂತವರು ನಿಧಾನ ಎಂದು ಒಂದು ದಿನ. ಡಿಸ್ಕು ಬದಲಾಯಿಸಿ ನನ್ನನ್ನೇ ಕೂರಿಸಿ, ದಿನಕ್ಕೆ ಹತ್ತು ಲಾರಿ ಹೆಚ್ಚು ದಾಟಿಸ್ತೀನಿ ಎಂದು ಇನ್ನೊಂದು ದಿನ. ಯಜಮಾನ ಮೊದಲ ಅರ್ಧಕ್ಕೆ ಒಪ್ಪಿದ. ಉಳಿದರ್ಧಕ್ಕೆ "ನೋಡೋಣ" ಅಂದ.

ರಜೆಯ ದಿನ ಭಾನುವಾರ ಮೈದುನ ಬಂದು, ಹಳೆಯ ಡಿಸ್ಕಿನ ಪಕ್ಕದಲ್ಲಿ ಹೊಸದೊಂದನ್ನು ಜೋಡಿಸಿ, ಹಳೆಯದರಲ್ಲಿದ್ದ ವಿಂಡೋಸನ್ನು ಹೊಸದಕ್ಕೆ ನಕಲು ಮಾಡಿ ಹೋಗಿದ್ದ. ವಿಂಡೋಸಿನ ಜೊತೆಗೆ ತೂಕದ ಪ್ರೋಗ್ರಾಮೂ ನಕಲಾಗಬೇಕು, ಅದೇ ಮುಖ್ಯ. ಆ ಪ್ರೋಗ್ರಾಮು ಬರೆದುಕೊಟ್ಟವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅದು ಹೋದರೆ ಮತ್ತೆ ತರಲು ಯಾರ ಬಾಗಿಲೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ತಡಿಯಕ್ಕ ಕಂಪ್ಯೂಟರಿನ ಗುಂಡಿ ಒತ್ತಿದಳು. ಅದು ಎದ್ದಿತು. ಆದರೆ ಎಂದಿನಂತೆ ಕಟಕಟ, ಗರ್ರ್ ಎಂದೇ ಎದ್ದಿತು. ಹಳೆಯ ಡಿಸ್ಕಿನೊಳಗೆ ತಟ್ಟೆ ತಿರುಗುವ ಸದ್ದು ಅದು. ಹೊಸದರಲ್ಲಿ ತಿರುಗುವ ಭಾಗವೇ ಇಲ್ಲ, ಉಸಿರಿನಷ್ಟೂ ಸದ್ದು ಬರದು ಎಂದು ಹಿಂದಿನ ದಿನ ಊಟದ ಹೊತ್ತಿಗೆ ಮೈದುನನೇ ತಾಯಿಗೆ ವಿವರಿಸಿದ್ದ. ಅವಳು ತೂಕದ ಪ್ರೋಗ್ರಾಮು ತೆರೆದಳು. ಎರಡೂವರೆ ನಿಮಿಷ, ಮೊದಲಿನಷ್ಟೇ. ಅಷ್ಟೂ ಹೊತ್ತು ಗರಗರ.

ಎಂಟು ಗಂಟೆಗೆ ಮೈದುನ ಯಜಮಾನನ ಜೊತೆಗೇ ಬಂದ.

"ಹೇಗಿದೆ ಅತ್ತಿಗೆ, ಕುದುರೆ ಓಡಿದ ಹಾಗೆ ಓಡ್ತಿದೆ ತಾನೆ?"

"ಓಡ್ತಿರೋದು ಹಳೇದೇ. ಸದ್ದು ಕೇಳು."

"ಎರಡೂ ಒಳಗಿದೆ, ಸದ್ದು ಬಂದೇ ಬರುತ್ತೆ."

"ಸುಮ್ಮನೆ ಇದ್ದರೆ ಬರೋ ಸದ್ದಲ್ಲ. ಪ್ರೋಗ್ರಾಮು ತೆಗೆದಾಗಲೇ ಗರಗರ ಅನ್ನುತ್ತೆ. ಅದರಿಂದಲೇ ಓದ್ತಾ ಇದೆ. ತಡಿ, ಒಂದು ಸಲ ನೋಡಿ ಆಮೇಲೆ—"

"ಬಂತು ನೋಡಿ, ತಡಿ!" ಮೈದುನ ಯಜಮಾನನ ಕಡೆ ತಿರುಗಿದ. "ನಮ್ಮ ಅತ್ತಿಗೆ ಕಂಪ್ಯೂಟರಿಗೆ ಕಿವಿ ಕೊಟ್ಟು ರಿಪೇರಿ ಮಾಡ್ತಾರಂತೆ. ನಾಳೆಯಿಂದ ನಾಡಿ ಹಿಡಿದು ನೋಡ್ತಾರೆ."

ಅವನು ಕಂಪ್ಯೂಟರು ಆರಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಹಳೆಯ ಡಿಸ್ಕನ್ನು ಮೇಜಿನ ಮೇಲಿಟ್ಟ.

ಆ ಅಂಗಳದಲ್ಲಿ ಒಂದು ಕಟ್ಟಳೆ ಇದೆ: ಕಳಚಿದ್ದು ಗುಡ್ಡೆಗೆ. ಯಾವ ಯಂತ್ರದಿಂದಲೇ ಆಗಲಿ, ಬಿಚ್ಚಿ ತೆಗೆದದ್ದು ಮೇಜಿನ ಮೇಲೋ ಮೂಲೆಯಲ್ಲೋ ಒಂದು ಕ್ಷಣವೂ ಉಳಿಯಬಾರದು. ಉಳಿದರೆ ಯಾರದೋ ಜೇಬು ಸೇರುತ್ತದೆ ಎಂಬುದು ಯಜಮಾನನ ನಂಬಿಕೆ. ಆ ನಂಬಿಕೆಗೆ ಕಾರಣವೂ ಇತ್ತು, ಅವನೇ ಹಾಗೆ ಜೇಬು ತುಂಬಿಸಿಕೊಂಡು ಮೇಲೆ ಬಂದವನು. ಮೂವತ್ತು ವರ್ಷದ ಅಭ್ಯಾಸ ಅವನ ಕೈಯಲ್ಲಿ ತಾನಾಗಿ ನಡೆಯುತ್ತಿತ್ತು. ಡಿಸ್ಕು ಕಣ್ಣಿಗೆ ಬಿದ್ದದ್ದೇ ತಡ, ಎತ್ತಿ ಕಿಟಕಿಯಿಂದ ಹೊರಗೆ ಕಬ್ಬಿಣದ ಗುಡ್ಡೆಯ ಮೇಲೆ ಬೀಸಿ ಎಸೆದ.

"ಅಯ್ಯೋ, ಹೊಸದು ಏಳುತ್ತಾ ಅಂತ ನೋಡದೇನೇ?" ಎಂದು ತಡಿಯಕ್ಕ ಎದ್ದಳು.

"ಏಳುತ್ತೆ ಅಂತ ಅವನು ಹೇಳಿದ್ದಾನಲ್ಲ," ಅಂದ ಯಜಮಾನ.

ಮೈದುನ ಗುಂಡಿ ಒತ್ತಿದ. ಕಪ್ಪು ಪರದೆ. ಮೇಲಿನ ಮೂಲೆಯಲ್ಲಿ ಬಿಳಿ ಅಕ್ಷರದ ಎರಡು ಸಾಲು. ಅವನು ಓದದೆ ಇನ್ನೊಮ್ಮೆ ಒತ್ತಿದ. ಅವೇ ಎರಡು ಸಾಲು. ಮೂರನೆಯ ಸಲಕ್ಕೆ ಅವನ ಮೇಲ್ದುಟಿಯ ಮೇಲೆ ಬೆವರು ಮೂಡಿತು. ಅಷ್ಟರಲ್ಲಿ ತಡಿಯಕ್ಕ ಆ ಸಾಲುಗಳನ್ನು ಬರೆದುಕೊಂಡಿದ್ದಳು. ಎಬ್ಬಿಸುವ ಫೈಲುಗಳು ಈ ಡಿಸ್ಕಿನಲ್ಲಿಲ್ಲ, ಇರುವ ಡಿಸ್ಕು ಹಾಕಿ ಎಂಬುದು ಅವುಗಳ ಸಾರ.

ಅವಳು ಹೊರಗೆ ಓಡಿದಳು. ಗುಡ್ಡೆಯ ಮೇಲೆ ಕ್ರೇನಿನ ದೊಡ್ಡ ಅಯಸ್ಕಾಂತ ಆಗಲೇ ಒಂದು ಸುತ್ತು ಮುಗಿಸಿತ್ತು. ಕ್ರೇನಿನವನು ಬೀಡಿ ಹಚ್ಚಿಕೊಳ್ಳುತ್ತಿದ್ದ.

"ಈಗ ಒಂದು ಡಬ್ಬಿ ಬಿತ್ತಲ್ಲ, ಅಂಗೈ ಅಗಲದ್ದು, ನೋಡಿದೆಯಾ?"

"ಇಲ್ಲಿ ದಿನಕ್ಕೆ ಸಾವಿರ ಡಬ್ಬಿ ಬೀಳುತ್ತೆ ತಡಿಯಕ್ಕ. ಕಿಟಕಿ ಕೆಳಗೆ ಇದ್ದದ್ದನ್ನೆಲ್ಲ ಬಳಿದು ಪ್ರೆಸ್ಸಿಗೆ ಹಾಕ್ದೆ. ಬೇಕಿದ್ರೆ ಹುಡುಕಿಕೋ." ಅವನು ತೋರಿಸಿದ ಕಡೆ, ಪ್ರೆಸ್ಸಿನ ಬಾಯಿಂದ ಟ್ರಂಕಿನಷ್ಟು ದೊಡ್ಡ ಕಬ್ಬಿಣದ ಚೌಕವೊಂದು ಹೊರಗೆ ಜಾರುತ್ತಿತ್ತು. ಎಲ್ಲ ಅಪ್ಪಚ್ಚಿ. ಹಳೆಯ ಡಿಸ್ಕು ಅದರೊಳಗೆ ಎಲ್ಲಿದೆಯೋ, ಇದ್ದರೂ ಅಯಸ್ಕಾಂತದ ಬಾಯಿಗೆ ಸಿಕ್ಕಿದ್ದರಲ್ಲಿ ಓದಲು ಏನು ಉಳಿದೀತು?

ಹಾಗಾಗಿ ಇಡೀ ಅಂಗಳದ ತೂಕ ಈಗ ಆ ಒಂದು ನಕಲಿನಲ್ಲೇ ಇತ್ತು.

ಒಂಬತ್ತಕ್ಕೆ ಹಾಸಿನ ಹಿಂದೆ ನಾಲ್ಕು ಲಾರಿ, ಹತ್ತಕ್ಕೆ ಹನ್ನೊಂದು. ಚೀಟಿ ಇಲ್ಲದೆ ಯಾವುದೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಡ್ರೈವರುಗಳು ಮೊದಲು ಹಾರ್ನು ಹೊಡೆದರು, ಆಮೇಲೆ ಇಳಿದು ಬಂದು ತಗಡಿಗೆ ಗುದ್ದಿದರು.

"ತಡಿಯಕ್ಕ, ಯಂತ್ರಕ್ಕೂ ತಡಿ ಅಂತ ಹೇಳಿಕೊಟ್ಟೆಯಾ?"

"ನಿಂತ್ಕೊಂಡು ನಿಂತ್ಕೊಂಡು ನನ್ನ ಲಾರಿಗೇ ತುಕ್ಕು ಹಿಡೀತು, ಇಲ್ಲೇ ಗುಜರಿಗೆ ಹಾಕಿ ಹೋಗ್ತೀನಿ."

"ಹೋಗು," ಅಂದಳು ಅವಳು. "ನಿನ್ನನ್ನೂ ಜೊತೆಗೆ ಹಾಕು. ತೂಕ ಬರೋದಿಲ್ಲ ಅಷ್ಟೇ."

ಮೈದುನ ತನ್ನ ಪೆನ್‌ಡ್ರೈವಿನಲ್ಲಿದ್ದ ರಿಪೇರಿ ಪ್ರೋಗ್ರಾಮನ್ನು ಮೂರು ಸಲ ಓಡಿಸಿದ. ಮೂರು ಸಲವೂ ಅದು ಸರಿಪಡಿಸಲಾಗಲಿಲ್ಲ ಎಂದಿತು. ಹನ್ನೊಂದೂವರೆಗೆ ಅವನು ಕೈ ಒರೆಸಿಕೊಂಡು ಯಜಮಾನನಿಗೆ ಹೇಳಿದ, "ನಾನು ಮಾಡಿದ್ದು ಸರಿಯಾಗೇ ಇತ್ತು. ಬೆಳಿಗ್ಗೆ ಇವರು ಏನೋ ಒತ್ತಿದ್ದಾರೆ. ಏಳಕ್ಕೇ ಬಂದು ಒಬ್ಬರೇ ಕೂತಿದ್ದರಲ್ಲ. ಈಗ ಉಳಿದಿರೋದು ಒಂದೇ ದಾರಿ, ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಬಿಡೋದು. ಅರ್ಧ ಗಂಟೆ ಕೆಲಸ."

ಪರದೆಯ ಮೇಲೆ ಆಗಲೇ ಪ್ರಶ್ನೆ ಬಂದಿತ್ತು: ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೆ? ಮೈದುನನ ಬೆರಳು ಮೌಸಿನ ಮೇಲಿತ್ತು. ತಡಿಯಕ್ಕ ಅವನ ಮಣಿಕಟ್ಟು ಹಿಡಿದಳು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು, ಉಗುರು ಇಳಿಯುವಷ್ಟು ಬಿಗಿಯಾಗಿ.

"ಕೈ ಬಿಡಿ ಅತ್ತಿಗೆ."

"ಅಳಿಸಿದ ಮೇಲೆ ತೂಕದ ಪ್ರೋಗ್ರಾಮು ಎಲ್ಲಿಂದ ತರ್ತೀಯಾ?"

"ಇಂಟರ್ನೆಟ್ಟಿನಲ್ಲಿ ಸಿಗುತ್ತೆ."

"ಹೆಸರು ಹೇಳು ಅದರದ್ದು."

ಅವನಿಗೆ ಹೆಸರು ಗೊತ್ತಿರಲಿಲ್ಲ. ಯಜಮಾನ ಮೊದಲ ಸಲ ಅವನ ಮುಖ ನೋಡಿದ, ಆಮೇಲೆ ಗೋಡೆಯ ಗಡಿಯಾರ ನೋಡಿದ. ಮೂರು ಗಂಟೆಗೆ ಉಕ್ಕಿನ ಕಾರ್ಖಾನೆಯ ಏಳು ಲಾರಿಗಳು ಬರುವುದಿತ್ತು. ಅವು ಕಾಯುವ ಪೈಕಿ ಅಲ್ಲ; ಹಾಸು ಕೆಟ್ಟಿದೆ ಅಂದರೆ ಸೀದಾ ಪಕ್ಕದ ರಸ್ತೆಯ ಅಂಗಳಕ್ಕೆ ತಿರುಗುತ್ತಿದ್ದವು.

"ಮೂರು ಗಂಟೆ," ಎಂದ ಯಜಮಾನ ತಡಿಯಕ್ಕನಿಗೆ. "ಅಷ್ಟರಲ್ಲಿ ನೀನು ಎಬ್ಬಿಸು, ಬಾಯಿ ಇದೆಯಲ್ಲ. ಏಳದಿದ್ರೆ ಇವನು ಅಳಿಸ್ತಾನೆ. ನಾಳೆಯಿಂದ ಈ ಕುರ್ಚಿಯಲ್ಲಿ ಇವನೇ ಕೂರ್ತಾನೆ. ನೀನು ಮನೆಯಲ್ಲಿ ಕೂತು ಎಷ್ಟು ಬೇಕಾದ್ರೂ ತಡಿ."

"ಪೆನ್‌ಡ್ರೈವ್ ಇಲ್ಲಿಟ್ಟು ಹೋಗು," ಎಂದಳು ಅವಳು ಮೈದುನನಿಗೆ. ಬಾಗಿಲಿನ ಚಿಲಕ ಹಾಕಿದಳು.

ಮೊದಲು ಅವಳು ಏನನ್ನೂ ಮುಟ್ಟಲಿಲ್ಲ. ಹಳೆಯ ನೋಟುಪುಸ್ತಕಗಳನ್ನು ತೆಗೆದು ಕೂತಳು. ಹೊರಗೆ ಯಾರೋ ಕಿಟಕಿಗೆ ಮೂಗು ಒತ್ತಿ, "ಅಯ್ಯಪ್ಪಾ, ಪರೀಕ್ಷೆಗೆ ಓದ್ತಾ ಕೂತಿದ್ದಾಳೆ ಕಣ್ರೋ" ಎಂದು ಕೂಗಿದ. ನಾಲ್ಕನೆಯ ಪುಸ್ತಕದಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ಮೊದಲು ಬರುತ್ತಿದ್ದ ಮುದುಕ ರಿಪೇರಿಯವನು ಡಿಸ್ಕಿನ ಭಾಗಗಳನ್ನು ಪರದೆಯ ಮೇಲೆ ತೋರಿಸಿದ್ದಾಗ ಅವಳು ಬರೆದದ್ದು: 'ಎರಡು ಭಾಗ. ಒಂದು ತೀರಾ ಚಿಕ್ಕದು, ನೂರು ಎಂಬಿ. ಇದು ಕಸ ಅಲ್ಲ. ಕಂಪ್ಯೂಟರು ಏಳುವಾಗ ಮೊದಲು ಇಲ್ಲಿಗೆ ಬಂದು ವಿಂಡೋಸ್ ಎಲ್ಲಿದೆ ಎಂದು ಕೇಳುತ್ತದೆ. ಮುಟ್ಟಬಾರದು.'

ಪೆನ್‌ಡ್ರೈವಿನಿಂದ ಕಂಪ್ಯೂಟರು ಎಬ್ಬಿಸಿ, ರಿಪೇರಿಯ ಒಳಗಿನ ಕಪ್ಪು ಕಿಟಕಿ ತೆರೆದು, ಡಿಸ್ಕಿನ ಭಾಗಗಳ ಪಟ್ಟಿ ತೋರಿಸು ಎಂದು ಟೈಪು ಮಾಡಿದಳು. ಹೊಸ ಡಿಸ್ಕಿನಲ್ಲಿ ಇದ್ದದ್ದು ಒಂದೇ ಒಂದು ದೊಡ್ಡ ಭಾಗ.

ಮೈದುನ ನಕಲು ಮಾಡುವಾಗ ಚಿಕ್ಕದನ್ನು ಕಸ ಎಂದು ಬಿಟ್ಟಿದ್ದ. ಮನೆ ಸಾಮಾನೆಲ್ಲ ಸಾಗಿಸಿ, ಬೀಗದ ಕೈ ಮಾತ್ರ ಹಳೆಯ ಮನೆಯ ಗೂಟದಲ್ಲಿ ಬಿಟ್ಟು ಬಂದ ಹಾಗೆ. ಬೆಳಿಗ್ಗೆ ಕಂಪ್ಯೂಟರು ಎದ್ದದ್ದು ಹಳೆಯ ಡಿಸ್ಕಿನ ಆ ಚಿಕ್ಕ ಭಾಗದಿಂದ, ಓಡಿದ್ದು ಹಳೆಯ ವಿಂಡೋಸೇ. ಹೊಸದು ಪಕ್ಕದಲ್ಲಿ ಸುಮ್ಮನೆ ನಿದ್ದೆ ಮಾಡುತ್ತಿತ್ತು. ಅವಳ ಕಿವಿ ಹೇಳಿದ್ದು ನಿಜವಾಗಿತ್ತು. ಅದು ತಿಳಿದು ಅವಳಿಗೆ ಸಂತೋಷವಾಗಲಿಲ್ಲ, ಸಿಟ್ಟು ಒಂದು ಹಿಡಿ ಹೆಚ್ಚಾಯಿತು.

ಫೋನಿನ ಒಡೆದ ಗಾಜಿನ ಮೇಲೆ ಅವಳು ದಾರಿ ಹುಡುಕಿದಳು. ಇಂಥದೇ ಗೋಳು ತೋಡಿಕೊಂಡವರು ಬೇಕಾದಷ್ಟಿದ್ದರು. ಮೂರು ಜನ ಮೂರು ರೀತಿ ಹೇಳಿದ್ದರು. ಮೂವರೂ ಒಪ್ಪಿದ ಸಾಲುಗಳನ್ನು ಮಾತ್ರ ಅವಳು ಪುಸ್ತಕಕ್ಕೆ ಇಳಿಸಿದಳು. ಮೊದಲು ಆ ದೊಡ್ಡ ಭಾಗಕ್ಕೆ 'ಇಲ್ಲಿಂದಲೇ ಏಳು' ಎಂಬ ಗುರುತು ಹಾಕಬೇಕು. ಆಮೇಲೆ ಎಬ್ಬಿಸುವ ಫೈಲುಗಳನ್ನು ಅದರೊಳಗಿನ ವಿಂಡೋಸಿನಿಂದಲೇ ಹೊಸದಾಗಿ ಬರೆಸಬೇಕು. ಗುರುತು ಹಾಕಿದಳು. ಎರಡನೆಯ ಕೆಲಸಕ್ಕೆ ಅವರೆಲ್ಲರೂ ವಿಂಡೋಸ್ ಇರುವ ಜಾಗವನ್ನು 'ಸಿ' ಎಂದು ಬರೆದಿದ್ದರು. ಅವಳು 'ಸಿ' ಎಂದು ಟೈಪು ಮಾಡಿ, ಎಂಟರ್ ಒತ್ತುವ ಮುಂಚೆ ಕೈ ಹಿಂದೆಗೆದಳು. ಪಟ್ಟಿಯನ್ನು ಇನ್ನೊಮ್ಮೆ ಓದಿದಳು. ಈ ರಿಪೇರಿ ಕಿಟಕಿಯಲ್ಲಿ 'ಸಿ' ಎಂಬ ಅಕ್ಷರ ಪೆನ್‌ಡ್ರೈವಿಗೆ ಹೋಗಿತ್ತು. ಅಂಗಳದ ವಿಂಡೋಸಿಗೆ ಇಲ್ಲಿ 'ಡಿ' ಎಂದು ಹೆಸರು. ಒಂದಕ್ಷರ ಅಳಿಸಿ ಒಂದಕ್ಷರ ಬರೆದಳು.

ಫೋನು ಬಡಿದುಕೊಂಡಿತು. ಅತ್ತೆ.

"ಏನೇ, ನನ್ನ ಮಗನ ಕೈ ತಿರುಚಿದೆಯಂತೆ? ಹತ್ತು ಜನರ ಮುಂದೆ?"

"ಕೆಲಸದಲ್ಲಿದ್ದೀನಿ ಅತ್ತೆ."

"ಅವನ ಹೆಸರು ಹಾಳು ಮಾಡೋ ಕೆಲಸ ತಾನೆ? ಅವನಿಗೊಂದು ನೆಲೆ ಆಗ್ಲಿ ಅಂತ ನಾನು ಹಗಲೂ ರಾತ್ರಿ ಬೇಡ್ಕೊಳ್ತಿದ್ರೆ, ಮನೆಯೊಳಗಿನ ಹಾವೇ ಕಚ್ಚುತ್ತೆ. ಎದ್ದು ಬಾ. ಅವನು ಕೂರ್ಲಿ. ನೀನು ದುಡಿದು ಉದ್ಧಾರ ಮಾಡಿದ್ದು ಸಾಕು."

"ಅವನು ಕೂತರೆ ಅಂಗಳವನ್ನೇ ಅಳಿಸ್ತಾನೆ."

"ನಾಲಗೆ ನೋಡು! ಸಾಯಂಕಾಲ ಬರ್ತೀಯಲ್ಲ, ಬಾ. ನಿನ್ನ ಒಲೆ ನೀನು ಹಚ್ಚಿಕೋ."

"ಹಚ್ಕೋತೀನಿ," ಎಂದು ಅವಳು ಫೋನನ್ನು ಮೇಜಿನ ಮೇಲೆ ಕವುಚಿಟ್ಟಳು. ಎಂಟರ್ ಒತ್ತಿದಳು. ಫೈಲುಗಳು ಸರಿಯಾಗಿ ಬರೆಯಲ್ಪಟ್ಟವು ಎಂದು ಒಂದು ಸಾಲು ಬಂತು. ಅದನ್ನೂ ಪುಸ್ತಕಕ್ಕೆ ಇಳಿಸಿದಳು.

ಒಂದೂಮುಕ್ಕಾಲಿಗೆ ಪೆನ್‌ಡ್ರೈವು ಕಿತ್ತು ಕಂಪ್ಯೂಟರು ಎಬ್ಬಿಸಿದಳು. ವಿಂಡೋಸಿನ ಗುರುತು ಬಂತು. ಚುಕ್ಕಿಗಳು ಸುತ್ತಿದವು, ಒಂದಿಷ್ಟೂ ಸದ್ದಿಲ್ಲದೆ. ಕಿಟಕಿಯಾಚೆ ಒಬ್ಬ "ಬಂತು ಬಂತು" ಎಂದು ಕೂಗಿದ. ಯಜಮಾನ ಬಾಗಿಲು ತಟ್ಟಿ ಚಿಲಕ ತೆಗೆಸಿ ಒಳಗೆ ಬಂದ, ಹಿಂದೆಯೇ ಮೈದುನ. ಮೂವರೂ ನೋಡುತ್ತಿರುವಂತೆಯೇ ಪರದೆ ಖಾಲಿ ನೀಲಿಯಾಗಿ ನಿಂತುಬಿಟ್ಟಿತು. ಹೆಸರಿಲ್ಲ, ಗುಂಡಿಯಿಲ್ಲ, ಬರೀ ನೀಲಿ. ಐದು ನಿಮಿಷ. ಹತ್ತು ನಿಮಿಷ.

"ಆಕಾಶ ತೋರಿಸ್ತಿದ್ದಾರೆ ನಮ್ಮತ್ತಿಗೆ," ಅಂದ ಮೈದುನ. "ಡಿಸ್ಕೇ ಹೋಗಿದೆ ಯಜಮಾನ್ರೇ. ಇನ್ನು ಅಳಿಸಲೇಬೇಕು. ಸುಮ್ಮನೆ ಎರಡು ಗಂಟೆ ದಂಡ."

"ನೀನು ಭಾನುವಾರ ಹೊಸ ಡಿಸ್ಕು ಹಾಕಿದಾಗ ಅದಕ್ಕೆ ಯಾವ ಅಕ್ಷರ ಕೊಟ್ಟೆ?"

"ಅದು ಯಾಕೀಗ?"

"ಕೇಳಿದ್ದಕ್ಕೆ ಹೇಳು."

"'ಇ' ಅಂತ ಬಂದಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಇನ್ನೂ ಮೂರು ಆಗಿಲ್ಲ. ಇಬ್ಬರೂ ಹೊರಗೆ ಹೋಗಿ."

ಯಜಮಾನ ಗೋಡೆಯ ಕಡೆ ತಿರುಗಿದ. ಗಡಿಯಾರ ಎರಡಕ್ಕೆ ಐದು ನಿಮಿಷ ಇದೆ ಎನ್ನುತ್ತಿತ್ತು. ಮೂರು ಎಂದು ಅವನೇ ಹೇಳಿದ್ದು, ಕಿಟಕಿಯಲ್ಲಿ ಹತ್ತು ಕಿವಿ ಕೇಳಿದ್ದವು. ಮೈದುನನನ್ನೂ ಕರೆದುಕೊಂಡು ಹೊರಗೆ ಹೋದ. ಅವಳು ಮತ್ತೆ ಚಿಲಕ ಹಾಕಿದಳು.

ಸಂಬಂಧ ಇತ್ತು. ಫೋನಿನಲ್ಲಿ ಓದಿದ ಮೂವರಲ್ಲಿ ಒಬ್ಬ ಕೊನೆಗೆ ಎರಡು ಸಾಲು ಹೆಚ್ಚಿಗೆ ಬರೆದಿದ್ದ. ಯಾವ ಡಿಸ್ಕಿಗೆ ಯಾವ ಅಕ್ಷರ ಎಂದು ವಿಂಡೋಸ್ ಒಂದು ಕಡೆ ಬರೆದಿಟ್ಟುಕೊಂಡಿರುತ್ತದೆ. ನಕಲು ಮಾಡಿದಾಗ ಆ ಬರಹವೂ ನಕಲಾಗುತ್ತದೆ. ಅಂದರೆ ಹೊಸ ಡಿಸ್ಕಿನ ಮೇಲೆ ಎದ್ದ ವಿಂಡೋಸಿನ ತಲೆಯಲ್ಲಿ ಈಗಲೂ 'ಸಿ' ಎಂದರೆ ಹಳೆಯ ಡಿಸ್ಕು, ಆ ಅಪ್ಪಚ್ಚಿಯಾದ ಡಬ್ಬಿ. ತಾನು ಕೂತಿರುವ ಜಾಗವನ್ನು ಅದು 'ಇ' ಎಂದು ತಿಳಿದಿತ್ತು. ತನ್ನ ಸಾಮಾನನ್ನೆಲ್ಲ 'ಸಿ'ಯಲ್ಲಿ ಹುಡುಕಿ, ಸಿಗದೆ, ನೀಲಿ ಬಾಗಿಲಲ್ಲಿ ನಿಂತಿತ್ತು.

ಮತ್ತೆ ಪೆನ್‌ಡ್ರೈವು, ಮತ್ತೆ ಕಪ್ಪು ಕಿಟಕಿ. ವಿಂಡೋಸ್ ಅಕ್ಷರಗಳನ್ನು ಬರೆದಿಟ್ಟುಕೊಂಡ ಒಳಬರಹವನ್ನು ಹೊರಗಿನಿಂದಲೇ ತೆರೆದಳು. ಅಲ್ಲಿ ಒಂದು ತಪ್ಪು ಸಾಲು ಅಳಿಸಿದರೆ ಮುಂದೆ ನೀಲಿಯೂ ಬರುವುದಿಲ್ಲ. ಅದಕ್ಕೆ ಮೊದಲು ಆ ಪುಟದ ಒಂದು ನಕಲನ್ನು ಪೆನ್‌ಡ್ರೈವಿನಲ್ಲಿ ಉಳಿಸಿಟ್ಟಳು. ಹೊರಗೆ ಯಾರೋ ಒಂದೇ ಸಮನೆ ಹಾರ್ನಿನ ಮೇಲೆ ಕೈಯಿಟ್ಟಿದ್ದ. ಇಪ್ಪತ್ತೇಳು ಲಾರಿ ಎಂದು ಯಾರೋ ಎಣಿಸಿದರು. ಅವಳ ಬೆನ್ನಿಗೆ ರವಿಕೆ ಅಂಟಿತ್ತು. 'ಸಿ' ಎಂಬ ಸಾಲಿನ ಮೇಲೆ ಬೆರಳಿಟ್ಟು ಬಾಯಿಬಿಟ್ಟು ಓದಿ, ಅಳಿಸಿದಳು. 'ಇ' ಎಂಬ ಸಾಲನ್ನು ಓದಿ, ಅಳಿಸಿದಳು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಹಳೆಯದನ್ನು ಮರೆತ ವಿಂಡೋಸ್ ತಾನು ಕೂತ ಜಾಗಕ್ಕೆ ಹೊಸದಾಗಿ ಹೆಸರಿಟ್ಟುಕೊಳ್ಳಲಿ.

ಎರಡು ಗಂಟೆ ಮೂವತ್ತೆಂಟಕ್ಕೆ ಕಂಪ್ಯೂಟರು ಎದ್ದಿತು. ನೀಲಿ ಬಂತು, ನೀಲಿಯ ಹಿಂದಿನಿಂದ ಪರದೆ ತುಂಬ ಹಳೆಯ ಚಿತ್ರಗಳು ಒಂದೊಂದಾಗಿ ಬಂದು ಕೂತವು. ತೂಕದ ಪ್ರೋಗ್ರಾಮು ತೆರೆದಳು. ಒಂಬತ್ತು ಸೆಕೆಂಡು. ಖಾಲಿ ಹಾಸಿನ ಅಂಕಿ, ಸೊನ್ನೆ.

ಅವಳು ಚಿಲಕ ತೆಗೆದಳು. ಯಜಮಾನ ಒಳಗೆ ಬಂದು, ಪರದೆಗೆ ಮುಖ ಹತ್ತಿರ ತಂದು ನೋಡಿ, ನಕ್ಕ. ಅವಳ ಕಡೆ ನೋಡಿ ನಗಲಿಲ್ಲ. ಮೈದುನನ ಬೆನ್ನು ತಟ್ಟಿದ.

"ಏನು ಸ್ಪೀಡು! ಒಳ್ಳೇ ಪಾರ್ಟು ಹಾಕಿದ್ದೀಯ ಕಣಯ್ಯ."

"ನಾನು ಮೊದಲೇ ಹೇಳಿರಲಿಲ್ವಾ," ಅಂದ ಮೈದುನ. ಅವನ ದನಿ ಬೇಗ ಚೇತರಿಸಿಕೊಂಡಿತ್ತು. "ಸ್ವಲ್ಪ ಸೆಟ್ಟಿಂಗು ಬಾಕಿ ಇತ್ತು, ಅತ್ತಿಗೆ ಮಾಡಿದ್ದಾರೆ."

"ನೋಡು," ಎಂದ ಯಜಮಾನ ತಡಿಯಕ್ಕನಿಗೆ, ಬಹುಮಾನ ಕೊಡುವವನ ಹಾಗೆ. "ನಿನ್ನನ್ನ ತೆಗೆಯೋಲ್ಲ, ಕೂತ್ಕೋ. ಆದರೆ ಯಂತ್ರ ಇನ್ನು ಇವನ ಕೈಯಲ್ಲಿ. ವಾರಕ್ಕೊಮ್ಮೆ ಬಂದು ನೋಡ್ತಾನೆ, ಇವನು ಹೇಳಿದ ಹಾಗೆ ನೀನು ಮಾಡು."

ಹೊತ್ತಿಗೆ ಮುಂಚೆಯೇ ಬಂದ ಕಾರ್ಖಾನೆಯ ಮೊದಲ ಲಾರಿ, ಸಾಲಿಗೆ ನಿಲ್ಲದೆ ಮುಂದೆ ನುಗ್ಗಿ, ಹಾಸಿನ ಮೇಲೆ ಹತ್ತುತ್ತಿತ್ತು. ಕೋಣೆಯ ತಗಡು ನಡುಗಿತು. ತಡಿಯಕ್ಕ ಕುರ್ಚಿ ಬಿಟ್ಟು ಗೋಡೆಗೆ ಒತ್ತಿ ನಿಂತಳು.

"ನಾನು ಕೂರೋಲ್ಲ."

"ಏನಂದೆ?"

"ಇವನು ಈ ಕೋಣೆಗೆ ಕಾಲಿಡೋದಾದ್ರೆ ನಾನು ಕೂರೋಲ್ಲ. ಎಲ್ಲ ಸರಿ ಇದೆಯಲ್ಲ, ಇವನನ್ನೇ ಕೂರಿಸಿ."

ಯಜಮಾನ ಮೈದುನನನ್ನು ನೋಡಿದ. ಮೈದುನ ಪರದೆ ನೋಡಿದ. ಅದರ ಮೇಲೆ ಹದಿನಾರು ಗುಂಡಿಗಳಿದ್ದವು, ಎಲ್ಲಕ್ಕೂ ಚಿಕ್ಕ ಅಕ್ಷರದ ಹೆಸರು. "ನಾನು ರಿಪೇರಿಯವನು ಯಜಮಾನ್ರೇ, ಇದನ್ನೆಲ್ಲ ಒಂದೆರಡು ದಿನ ನೋಡ್ಕೊಂಡು..."

"ಸರಿ, ಸರಿ ಬಿಡು. ಇದೇನು ವಿಮಾನ ಹಾರಿಸೋದಾ?" ಎಂದು ಯಜಮಾನನೇ ಕುರ್ಚಿಯಲ್ಲಿ ಕುಸಿದು ಕೂತ. ಪರದೆಯ ಮೇಲೆ ಅಂಕಿ ಇನ್ನೂ ಕುಣಿಯುತ್ತಿತ್ತು. ಅವನು ಮೌಸು ಹಿಡಿದು, ದೊಡ್ಡದಾಗಿ ಕಂಡ ಗುಂಡಿಯೊಂದನ್ನು ಒತ್ತಿದ. ಯಂತ್ರ ಚೀಟಿ ಉಗುಳಿತು. ಕಾರ್ಖಾನೆಯ ಡ್ರೈವರು ಅದನ್ನು ಹಿಡಿದು ಓದಿ, ಮತ್ತೆ ಓದಿ, ಹಿಂದಿನವರಿಗೆ ತೋರಿಸಿದ.

"ಏಳುನೂರು ಕೆಜಿ! ಯಜಮಾನ್ರೇ, ನನ್ನ ಲಾರಿ ಕಾಗದದಲ್ಲಿ ಮಡಚಿದ್ದು ಅಂದ್ಕೊಂಡ್ರಾ? ಮುಂದಿನ ಚಕ್ರ ಒಂದೇ ಹತ್ತಿರೋದು, ಹಿಂದಿನದು ಇನ್ನೂ ಮಣ್ಣಲ್ಲೇ ಇದೆ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಬೆಳಗಿನಿಂದ ಬೈದು ಬೈದು ಒಣಗಿದ್ದ ಗಂಟಲುಗಳಿಗೆ ಆ ನಗು ನೀರು ಸಿಕ್ಕಂತಾಯಿತು. ಯಾರೋ "ಇವರನ್ನೂ ಒಂದು ಸಲ ಹಾಸಿನ ಮೇಲೆ ನಿಲ್ಲಿಸ್ರೋ" ಎಂದ. ಯಜಮಾನನ ಕಿವಿ ಕೆಂಪಾಯಿತು. ಕಾರ್ಖಾನೆಯ ಎರಡನೆಯ ಲಾರಿಯ ಡ್ರೈವರು ಸ್ಟೇರಿಂಗ್ ತಿರುಗಿಸಿ, ಪಕ್ಕದ ರಸ್ತೆಯ ಕಡೆ ಮುಖ ಮಾಡಲು ನೋಡುತ್ತಿದ್ದ.

ಯಜಮಾನ ಎದ್ದ. ತಡಿಯಕ್ಕನನ್ನು ನೋಡದೆ ಮೈದುನನಿಗೆ ಹೇಳಿದ, "ನಡಿ, ಹೊರಗೆ ನಡಿ."

"ನಾನಾ? ಯಜಮಾನ್ರೇ, ಈ ಡಿಸ್ಕು ನಾನು—"

"ನಡಿ ಅಂದೆ. ಇನ್ನು ಈ ಕೋಣೆ ಕಡೆ ಬರಬೇಡ."

ಮೈದುನ ಬ್ಯಾಗು ಹೆಗಲಿಗೇರಿಸಿ, ಹೊಸ್ತಿಲಲ್ಲಿ ನಿಂತು ಅತ್ತಿಗೆಯ ಮುಖ ನೋಡಿದ. "ಮನೆಗೆ ಬನ್ನಿ, ಅಮ್ಮನೇ ಮಾತಾಡ್ತಾಳೆ," ಎಂದು ಹೊರಟ.

ಕುರ್ಚಿ ಖಾಲಿ ಇತ್ತು. ಅದರ ರೆಕ್ಸಿನ್ನಿನ ಮೇಲೆ ಯಜಮಾನ ಕೂತ ಬಿಸಿ, ಬೆವರಿನ ಅಗಲವಾದ ಗುರುತು. ತಡಿಯಕ್ಕ ಕೀಬೋರ್ಡು ಒರೆಸುವ ಬಟ್ಟೆ ತೆಗೆದುಕೊಂಡಳು. ಯಜಮಾನ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಲಾರಿಗಳೂ ನೋಡುತ್ತಿದ್ದವು. ಅವಳು ಕುರ್ಚಿಯ ಕೂರುವ ಜಾಗವನ್ನು ಒರೆಸಿದಳು, ಬೆನ್ನೊರಗುವ ಜಾಗವನ್ನು ಒರೆಸಿದಳು, ಅವನು ಕೈಯಿಟ್ಟಿದ್ದ ಎರಡು ತೋಳುಗಳನ್ನೂ ಒಂದೊಂದಾಗಿ ಒರೆಸಿದಳು. ಬಟ್ಟೆಯನ್ನು ಕಿಟಕಿಯಾಚೆ ಕೊಡವಿ, ಕೂತು, ಡ್ರೈವರಿಗೆ ಹಿಂದಿನ ಚಕ್ರವನ್ನೂ ಹತ್ತಿಸು ಎಂದಳು.